‘ಏನೂ ಆಗಲ್ಲ’ ಅನ್ನಬಾರದ ಪರೀಕ್ಷೆ

ನಮ್ಮ ಪಿಎಚ್‌ಸಿಯಲ್ಲಿ ಸೋಮವಾರ ಅಂದರೆ ಜಾತ್ರೆ. ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು, ಇಡೀ ಆಸ್ಪತ್ರೆಗೆ ನಾನೊಬ್ಬಳೇ ಡಾಕ್ಟರ್. ಮಧ್ಯಾಹ್ನ ಒಂದು ಗಂಟೆಯೊಳಗೆ ನೂರು ಚೀಟಿ ದಾಟುತ್ತಿತ್ತು. ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಅದೇ ಜಾಸ್ತಿ. ಆ ಎರಡು ನಿಮಿಷದಲ್ಲಿ ಕೇಳುವುದು, ನೋಡುವುದು, ಬರೆಯುವುದು ಎಲ್ಲ ಮುಗಿಯಬೇಕು. ಕೊನೆಗೆ ಚೀಟಿ ಕೈಗೆ ಕೊಡುವಾಗ ಒಂದು ಮಾತು: ‘ಏನೂ ಆಗಲ್ಲ, ಹೋಗಿ ಬನ್ನಿ.’ ಅರ್ಧ ರೋಗ ಆ ಮಾತಿಗೇ ವಾಸಿಯಾಗುತ್ತಿತ್ತು ಅಂತ ಈಗಲೂ ನಂಬುತ್ತೇನೆ.

ಎಂಬಿಬಿಎಸ್ ಮುಗಿದ ಮೇಲೆ ಮಾಡಬೇಕಾದ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆ ಅದು. ಜೊತೆಗೆ ಎಂ.ಡಿ. ಸೀಟಿನ ಪ್ರವೇಶ ಪರೀಕ್ಷೆ ನೀಟ್ ಪಿಜಿಗೆ ಓದು. 2021ರಲ್ಲಿ ಒಮ್ಮೆ ಬರೆದೆ, 2022ರಲ್ಲಿ ಇನ್ನೊಮ್ಮೆ. 200 ಪ್ರಶ್ನೆ, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ಎರಡನೇ ಸಲ ಬಂದ ರ‍್ಯಾಂಕಿಗೆ ನನಗೆ ಬೇಕಾದ ಮೆಡಿಸಿನ್ ಸೀಟು ಕನಸಿನ ಮಾತು. ಮ್ಯಾನೇಜ್‌ಮೆಂಟ್ ಸೀಟಿನ ರೇಟು ಕೇಳಿದ ಅಪ್ಪ ಏನೂ ಹೇಳಲಿಲ್ಲ. ಎದ್ದು ತೋಟದ ಕಡೆ ಹೋದರು.

ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ ಅಕ್ಕ ಒಬ್ಬರು ಆಗಲೇ ಇಂಗ್ಲೆಂಡಿನಲ್ಲಿದ್ದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: ‘ಎರಡು ಪರೀಕ್ಷೆ ಕಣೆ. ಒಂದರಲ್ಲಿ ನೀನು ಓದಿರೋದು ನೋಡ್ತಾರೆ. ಇನ್ನೊಂದರಲ್ಲಿ ನಿನ್ನನ್ನೇ ನೋಡ್ತಾರೆ.’ ಆ ಪರೀಕ್ಷೆಗಳ ಹೆಸರು ಪ್ಲ್ಯಾಬ್. ಬ್ರಿಟನ್‌ನಲ್ಲಿ ಡಾಕ್ಟರ್‌ಗಳ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್, ಅಂದರೆ ಜಿಎಂಸಿ, ಹೊರದೇಶದಲ್ಲಿ ಓದಿ ಬಂದವರಿಗೆ ನಡೆಸುವ ಪರೀಕ್ಷೆ. ಅಕ್ಕ ಹೇಳಿದ ಎರಡನೇ ವಾಕ್ಯ ನನಗೆ ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು. ಎರಡನೇ ಪರೀಕ್ಷೆಗೆ, ಅಂದರೆ ಪ್ಲ್ಯಾಬ್ 2ಕ್ಕೆ, ಎರಡು ಸಲ ಕಟ್ಟಿದ ಹತ್ತಿರ ಹತ್ತಿರ ಎರಡು ಲಕ್ಷ ರೂಪಾಯಿ ಫೀಸೂ ಬೇಕಾಯಿತು.

ಮೊದಲು ಇಂಗ್ಲಿಷ್ ಗೊತ್ತಿದೆ ಅಂತ ತೋರಿಸಬೇಕು. ಅದಾಗದೆ ಪ್ಲ್ಯಾಬ್ ಬುಕ್ ಮಾಡಲು ಬಿಡುವುದಿಲ್ಲ. ಐಇಎಲ್‌ಟಿಎಸ್ ಬರೆದರೆ ಒಟ್ಟು 7.5 ಬರಬೇಕು, ನಾಲ್ಕು ವಿಭಾಗದಲ್ಲೂ 7ಕ್ಕಿಂತ ಕಮ್ಮಿ ಇರಬಾರದು. ಓಇಟಿ ಬರೆದರೆ ನಾಲ್ಕರಲ್ಲೂ ಬಿ ಗ್ರೇಡ್ ಬೇಕು, ಅದೂ ಒಂದೇ ಸಲಕ್ಕೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಐಇಎಲ್‌ಟಿಎಸ್‌ನ ಪ್ರಬಂಧ ಅಂದರೆ ಎದೆ ಡವಡವ. ಓಇಟಿಯಲ್ಲಿ ಎಲ್ಲವೂ ಆಸ್ಪತ್ರೆಯ ಸುತ್ತಲೇ ಇರುತ್ತದೆ, ಅದನ್ನೇ ಆರಿಸಿಕೊಂಡೆ. ಫೀಸು 30 ಸಾವಿರ ರೂಪಾಯಿಗೂ ಮಿಕ್ಕಿ.

ಅದರಲ್ಲಿ ಬರವಣಿಗೆ ವಿಭಾಗ ಒಂದು ಪಾಠ. ರೋಗಿಯ ಬಗ್ಗೆ ಒಂದಷ್ಟು ಟಿಪ್ಪಣಿ ಕೊಡುತ್ತಾರೆ. ಓದಲು ಐದು ನಿಮಿಷ, ಬರೆಯಲು ನಲವತ್ತು. ಇನ್ನೊಬ್ಬ ಡಾಕ್ಟರ್‌ಗೋ ನರ್ಸ್‌ಗೋ ಪತ್ರ ಬರೆಯಬೇಕು. ಕೊಟ್ಟಿದ್ದೆಲ್ಲ ತುಂಬಿಸಿದರೆ ಅಂಕ ಹೋಗುತ್ತದೆ. ಓದುವವರಿಗೆ ಯಾವುದು ಬೇಕು, ಯಾವುದು ಬೇಡ ಅಂತ ಆರಿಸುವುದೇ ಪರೀಕ್ಷೆ. ನಮ್ಮಲ್ಲಿ ರೆಫರಲ್ ಚೀಟಿ ಅಂದರೆ ‘ಮುಂದಿನ ಚಿಕಿತ್ಸೆಗಾಗಿ ಜಿಲ್ಲಾ ಆಸ್ಪತ್ರೆಗೆ’ ಅಂತ ಒಂದು ಸಾಲು, ಕೆಳಗೊಂದು ಸೀಲು. ಅಭ್ಯಾಸಕ್ಕೆ ಇಪ್ಪತ್ತು ಪತ್ರ ಬರೆದೆ. ಬರವಣಿಗೆಯಲ್ಲಿ ಬಂದದ್ದು ಸರಿಯಾಗಿ 350. ಬಿ ಗ್ರೇಡ್ ಶುರುವಾಗುವುದೇ ಅಲ್ಲಿಂದ. ಹೊಸ್ತಿಲು ಮುಟ್ಟಿ ಒಳಗೆ ಬಿದ್ದ ಹಾಗೆ.

ಕಾಗದಪತ್ರದ ಕಥೆ ಹೇಳದೆ ಇರಲಾರೆ. ಪರೀಕ್ಷೆಗಿಂತ ಅದೇ ಹೆಚ್ಚು ನಿದ್ದೆ ಕೆಡಿಸಿದ್ದು. ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಆ ಎರಡೂ ಬಿಡಿಸಿಕೊಂಡು ಸರ್‌ನೇಮ್ ಆಗಿವೆ. ನಮ್ಮ ಪಾಲಿಗೆ ಎರಡೂ ಒಂದೇ. ಆದರೆ ಹೊರಗಿನವರ ಕಣ್ಣಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಡಿಗ್ರಿ ನಿಜವೋ ಸುಳ್ಳೋ ಅಂತ ಎಪಿಕ್ ಅನ್ನುವ ಅಮೆರಿಕದ ವ್ಯವಸ್ಥೆಯ ಮೂಲಕ, ಡಿಗ್ರಿ ಕೊಟ್ಟವರನ್ನೇ ನೇರವಾಗಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅದಕ್ಕೂ ಮೊದಲು ವಿಡಿಯೊ ಕಾಲ್‌ನಲ್ಲಿ ಅಮೆರಿಕದ ನೋಟರಿ ಒಬ್ಬರ ಮುಂದೆ ಪಾಸ್‌ಪೋರ್ಟ್ ಹಿಡಿದು ಕೂರಬೇಕಿತ್ತು. ನಾನು ಕೂತಿದ್ದು ರಾತ್ರಿ ಹನ್ನೊಂದಕ್ಕೆ, ನೆಟ್‌ವರ್ಕ್ ಸಿಗುವ ಒಂದೇ ಜಾಗವಾದ ಅಡಿಕೆ ಚಪ್ಪರದ ಕೆಳಗೆ. ಆ ಕಡೆಯವರು ‘ನಿಮ್ಮ ಹಿಂದೆ ಇರೋದೇನು?’ ಅಂತ ಕೇಳಿದರು. ಬೇಯಿಸಿದ ಅಡಿಕೆ ಗುಡ್ಡೆ ಹಾಕಿತ್ತು. ಏನು ಹೇಳುವುದು, ‘ಬೆಳೆ’ ಅಂದೆ.

ಹೆಸರು ಎರಡೂ ಒಂದೇ ಅಂತ ಅಫಿಡವಿಟ್ ಮಾಡಿಸಿದೆ. ಆಮೇಲೆ ನನ್ನ ಡಿಗ್ರಿಗೆ ಖಾತ್ರಿ ಕೊಡಬೇಕಿದ್ದ ಕಚೇರಿಯಲ್ಲಿ ಆ ಕೋರಿಕೆ ಮೂರು ತಿಂಗಳು ಕೂತಿತ್ತು. ಒಮ್ಮೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ಇನ್ನೊಮ್ಮೆ ಹೋದರೆ ಸಾಹೇಬರಿಗೆ ವರ್ಗ. ಮೂರನೇ ಸಲ ಒಬ್ಬ ಅಟೆಂಡರ್ ಅಣ್ಣ ಪಾಪ ತಾನೇ ಫೈಲು ಹುಡುಕಿ ಮೇಲಿಟ್ಟರು. ಮುಂದೆ ಬರುವವರಿಗೆ ನನ್ನ ಮಾತು ಒಂದೇ: ಓದು ಶುರು ಮಾಡುವ ಮೊದಲು ಹೆಸರು ಸರಿ ಮಾಡಿಸಿಕೊಳ್ಳಿ.

ಪ್ಲ್ಯಾಬ್ 1 ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಮಗೆ ಗೊತ್ತಿರುವ ಆಟ. ಮೂರು ಗಂಟೆ, 180 ಪ್ರಶ್ನೆ, ಐದೈದು ಆಯ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್ ಬರೆದವರಿಗೆ ಇದೊಂದೇ ದೊಡ್ಡ ಸಮಾಧಾನ. ಪರೀಕ್ಷೆ ಬೆಂಗಳೂರಿನಲ್ಲೇ ಇತ್ತು, ಪೆನ್ಸಿಲ್ಲಿನಲ್ಲಿ ಗುರುತು ಹಾಕುವ ಶೀಟು. ನಾಲ್ಕು ತಿಂಗಳು ಪ್ಲಾಬಬಲ್ ಅನ್ನುವ ಆನ್‌ಲೈನ್ ಪ್ರಶ್ನೆಕೋಶದ ಪ್ರಶ್ನೆಗಳನ್ನು ಎರಡೆರಡು ಸಲ ಬಿಡಿಸಿದ್ದೆ.

ಓದುವಾಗ ವಿಚಿತ್ರ ಅನ್ನಿಸಿದ್ದು ರೋಗಗಳ ಊರು ಬದಲಾದದ್ದು. ನಮ್ಮಲ್ಲಿ ಜ್ವರ ಅಂದರೆ ಡೆಂಗಿ, ಇಲಿಜ್ವರ. ಬೇಸಿಗೆ ಬಂದರೆ ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು ಅದನ್ನು. ಅವರ ಪ್ರಶ್ನೆಗಳಲ್ಲಿ ಇದ್ಯಾವುದೂ ಇಲ್ಲ. ಹಾವು ಕಡಿತ ನನ್ನ ಕೈ ಪಳಗಿದ ವಿಷಯ. ನಾಗರ, ಕಟ್ಟುಹಾವು, ಕೊಳಕುಮಂಡಲ ಮೂರನ್ನೂ ಕಂಡವಳು ನಾನು. ಇಡೀ ಬ್ರಿಟನ್ನಿನ ಕಾಡುಮೇಡಿನಲ್ಲಿ ವಿಷದ ಹಾವು ಅಂತ ಇರುವುದು ಆ್ಯಡರ್ ಒಂದೇ. ಬದಲಿಗೆ ಅಲ್ಲಿ ಗೊತ್ತಿರಬೇಕಾದ್ದು ಬೇರೆ. ವಾರಕ್ಕೆ 14 ಯುನಿಟ್‌ಗಿಂತ ಹೆಚ್ಚು ಕುಡಿಯಬಾರದು. ಒಂದು ಪೈಂಟ್ ಬಿಯರ್ ಅಂದರೆ ಎರಡು ಯುನಿಟ್ಟಿಗೂ ಸ್ವಲ್ಪ ಜಾಸ್ತಿ. ಪೈಂಟ್ ಗ್ಲಾಸನ್ನು ಕಣ್ಣಲ್ಲೂ ಕಾಣದವಳು ಈ ಲೆಕ್ಕ ಬಾಯಿಪಾಠ ಮಾಡಿದೆ. ಫಿಟ್ಸ್ ಬಂದವರು ಕಾರು ಓಡಿಸಬಾರದು, ಡ್ರೈವಿಂಗ್ ಲೈಸೆನ್ಸ್ ಕಚೇರಿಗೆ ತಿಳಿಸಬೇಕು. ಇದನ್ನು ಹೇಳದ ಡಾಕ್ಟರ್ ತಪ್ಪು ಮಾಡಿದ ಹಾಗೆ. ನಮ್ಮೂರಲ್ಲಿ ಫಿಟ್ಸ್ ಬಂದವನು ಬೈಕು ಓಡಿಸಿಕೊಂಡೇ ಆಸ್ಪತ್ರೆಗೆ ಬರುತ್ತಿದ್ದ!

2023ರ ಶುರುವಿನಲ್ಲಿ ಬರೆದೆ. ಒಂದು ತಿಂಗಳ ಮೇಲೆ ಫಲಿತಾಂಶ ಬಂತು, ಪಾಸು. ಅಮ್ಮ ಹೋಳಿಗೆ ಮಾಡಿದರು. ಇನ್ನೇನು ಮುಗಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡೆವು.

ಪ್ಲ್ಯಾಬ್ 2 ಇರುವುದು ಮ್ಯಾಂಚೆಸ್ಟರ್‌ನಲ್ಲಿ ಮಾತ್ರ. ಜಗತ್ತಿನ ಯಾವ ಮೂಲೆಯವರಾದರೂ ಅಲ್ಲಿಗೇ ಹೋಗಬೇಕು. ಪರೀಕ್ಷೆಯ ದಿನಾಂಕ ಸಿಗುವುದೇ ಆಗ ಕಷ್ಟವಿತ್ತು. ರಾತ್ರಿ ಹೊತ್ತು ಫೋನ್ ಹಿಡಿದು ಪುಟ ರಿಫ್ರೆಶ್ ಮಾಡುತ್ತಾ ಕೂರುತ್ತಿದ್ದೆ, ತತ್ಕಾಲ್ ಟಿಕೆಟ್ಟಿನ ಹಾಗೆ. ಸೆಪ್ಟೆಂಬರಿಗೆ ಒಂದು ಸಿಕ್ಕಿತು. ಪರೀಕ್ಷೆ ಫೀಸು ಸುಮಾರು ಒಂದು ಲಕ್ಷ ರೂಪಾಯಿ. ವಿಸಿಟರ್ ವೀಸಾ, ವಿಮಾನ, ಮ್ಯಾಂಚೆಸ್ಟರ್‌ನಲ್ಲಿ ಕೋಚಿಂಗ್, ಉಳಿಯುವ ಖರ್ಚು ಬೇರೆ. ಅಪ್ಪ ರೇಟು ಏರಲಿ ಅಂತ ಕಾದಿಟ್ಟಿದ್ದ ಅಡಿಕೆಯನ್ನೆಲ್ಲ ಮಾರಿದರು.

ಇದು ಮನಸ್ಸಿನಲ್ಲಿ ಚುಚ್ಚಿದ ವಿಷಯ, ಹೇಳಿಬಿಡುತ್ತೇನೆ. ಪಿಎಚ್‌ಸಿಗೆ ಒಬ್ಬರು ಅಜ್ಜಿ ಬರುತ್ತಿದ್ದರು. ದಿನವಿಡೀ ಎಲೆ ಅಡಿಕೆ, ಹೊಗೆಸೊಪ್ಪು. ಕೆನ್ನೆಯ ಒಳಗೆ ಹುಣ್ಣು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಶಿವಮೊಗ್ಗಕ್ಕೆ ಕಳಿಸಿದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಮಕ್ಕಳು ಒಳಗೆ ಬಂದು ಬಾಗಿಲು ಮುಂದೆ ಮಾಡಿ, ‘ಡಾಕ್ಟ್ರೇ, ಅವ್ವಂಗೆ ಹೇಳ್ಬೇಡಿ’ ಅಂದರು. ನಾನೂ ಹೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ನನ್ನ ಮುಖ ನೋಡಿದರು. ‘ಏನೂ ಆಗಲ್ಲ ಅಜ್ಜಿ’ ಅಂದೆ. ಅಜ್ಜಿ ಸೊಂಟದ ಚೀಲ ಮುಟ್ಟಿಕೊಂಡು ಕೇಳಿದರು: ‘ಹಂಗಾರೆ ಎಲೆ ಅಡ್ಕೆ ಹಾಕ್ಬಹುದನಾ ಮಗಾ?’

ಅಡಿಕೆ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ನಾನು ಮ್ಯಾಂಚೆಸ್ಟರ್‌ಗೆ ಹೊರಟಿದ್ದೆ, ಕ್ಯಾನ್ಸರ್ ಅಂತ ರೋಗಿಗೆ ಹೇಗೆ ಹೇಳುವುದು ಅಂತ ಕಲಿಯಲು. ನಮ್ಮ ಮನೆಯಲ್ಲಿ ಈ ಮಾತು ಯಾರೂ ಆಡುವುದಿಲ್ಲ. ನಾನೂ ಆಡಿಲ್ಲ.

ಪರೀಕ್ಷೆ ಹೇಗಿರುತ್ತದೆ ಅಂದರೆ, ಸಾಲಾಗಿ ಚಿಕ್ಕ ಚಿಕ್ಕ ಕೋಣೆಗಳು. ನನ್ನ ಕಾಲಕ್ಕೆ 16 ಸ್ಟೇಷನ್ ಇದ್ದವು. ಬಾಗಿಲ ಹೊರಗೆ ಅಂಟಿಸಿದ ಕಾಗದ ಓದಲು ಒಂದೂವರೆ ನಿಮಿಷ. ಗಂಟೆ ಹೊಡೆದರೆ ಒಳಗೆ. ಒಳಗೆ ರೋಗಿಯ ಪಾತ್ರ ಮಾಡುವ ನಟರು, ಮೂಲೆಯಲ್ಲಿ ಮಾತಾಡದೆ ಕೂತ ಪರೀಕ್ಷಕರು. ಎಂಟು ನಿಮಿಷ ಸಮಯ. ಪ್ರತಿ ಸ್ಟೇಷನ್ನಿಗೆ 12 ಅಂಕ. ಕೇಳಿ ತಿಳಿದುಕೊಂಡದ್ದಕ್ಕೆ ನಾಲ್ಕು, ಚಿಕಿತ್ಸೆಯ ತೀರ್ಮಾನಕ್ಕೆ ನಾಲ್ಕು, ರೋಗಿಯ ಜೊತೆ ನಡೆದುಕೊಂಡ ರೀತಿಗೆ ನಾಲ್ಕು.

ಎಂಟು ನಿಮಿಷ ಅಂದಾಗ ನಕ್ಕಿದ್ದೆ. ಎರಡು ನಿಮಿಷದಲ್ಲಿ ಮುಗಿಸುವವಳಿಗೆ ಎಂಟು ನಿಮಿಷ ಯಾಕೆ? ಕೋಚಿಂಗ್‌ನ ಮೊದಲ ದಿನ ಗೊತ್ತಾಯಿತು. ನಾನು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದದ್ದು ನನ್ನ ಕೆಲಸ, ರೋಗಿಯದ್ದು ಶುರುವೇ ಆಗಿರುತ್ತಿರಲಿಲ್ಲ. ನಿಮಗೆ ಏನಾಗಿರಬಹುದು ಅಂತ ನಿಮಗೇ ಅನ್ನಿಸುತ್ತದೆ? ಯಾವುದರ ಬಗ್ಗೆ ಚಿಂತೆ? ನಮ್ಮಿಂದ ಏನು ಬಯಸಿ ಬಂದಿರಿ? ಈ ಮೂರು ಪ್ರಶ್ನೆ ಕೇಳದೆ ಎದ್ದರೆ ಅಂಕ ಹೋಯಿತು. ನಮ್ಮೂರಲ್ಲಿ ‘ನಿಮಗೆ ಏನಾಗಿದೆ ಅನ್ನಿಸುತ್ತೆ’ ಅಂತ ಕೇಳಿದರೆ, ‘ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕ್ ಬರ್ತಿದ್ದೆ’ ಅನ್ನುತ್ತಾರೆ. ತಪ್ಪೇನಿಲ್ಲ ಬಿಡಿ.

ವಿಷ ಕುಡಿದವರ ವಿಷಯವೂ ಹಾಗೆಯೇ. ನಮ್ಮಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಕುಡಿದು ಬರುತ್ತಾರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ನೊರೆ. ಅಟ್ರೋಪಿನ್ ಏರಿಸುತ್ತಾ ಆ್ಯಂಬುಲೆನ್ಸ್ ಹತ್ತಿಸುವುದು, ಪೊಲೀಸರಿಗೆ ತಿಳಿಸುವುದು. ಯಾಕೆ ಕುಡಿದೆ ಅಂತ ಕೇಳುವಷ್ಟು ಹೊತ್ತು ಯಾರಿಗಿದೆ? ಬ್ರಿಟನ್‌ನಲ್ಲಿ ಹೆಚ್ಚಾಗಿ ಪ್ಯಾರಾಸಿಟಮಾಲ್. ಅದಕ್ಕೇ ಅಲ್ಲಿನ ಸಾಮಾನ್ಯ ಅಂಗಡಿಗಳಲ್ಲಿ ಒಂದು ಪ್ಯಾಕೆಟ್ಟಿಗೆ 16 ಮಾತ್ರೆಗಿಂತ ಹೆಚ್ಚು ಇರುವುದಿಲ್ಲ, 1998ರಿಂದ ಈ ಕಾನೂನಿದೆ. ನುಂಗಿ ನಾಲ್ಕು ಗಂಟೆಯಾದ ಮೇಲೆ ರಕ್ತ ತೆಗೆದು ಗ್ರಾಫಿನಲ್ಲಿ ನೋಡಿ ಔಷಧಿ ಕೊಡುವುದು ಸುಲಭದ ಭಾಗ. ಕಷ್ಟದ ಭಾಗ ಎದುರು ಕೂತು ಕೇಳುವುದು: ‘ಸಾಯಬೇಕು ಅಂತಲೇ ತಗೊಂಡ್ರಾ? ಈಗಲೂ ಹಾಗೇ ಅನ್ನಿಸ್ತಿದ್ಯಾ?’ ಮೊದಲ ಸಲ ಈ ಪ್ರಶ್ನೆ ನನ್ನ ಬಾಯಿಂದ ಬರಲೇ ಇಲ್ಲ. ಎದುರಿಗಿದ್ದವಳು ನನ್ನ ರೂಂಮೇಟ್, ಪಾತ್ರ ಮಾಡುತ್ತಿದ್ದಾಳೆ ಅಂತ ಗೊತ್ತು. ಆದರೂ ಬರಲಿಲ್ಲ.

ರೂಂಮೇಟ್‌ಗಳ ಬಗ್ಗೆ ಹೇಳಬೇಕು. ಒಂದು ಇಟ್ಟಿಗೆ ಬಣ್ಣದ ಮನೆಯಲ್ಲಿ ಆರು ಜನ ಡಾಕ್ಟರ್‌ಗಳು. ಸುಡಾನಿನ ಹುಡುಗಿ, ಲಾಹೋರಿನ ಗಂಡ ಹೆಂಡತಿ, ಲಾಗೋಸ್‌ನಿಂದ ಬಂದ ಒಬ್ಬರು, ಕೇರಳದ ಒಬ್ಬ, ನಾನು. ಒಂದೇ ಅಡುಗೆಮನೆ. ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ ಒಬ್ಬರು ರೋಗಿ, ಒಬ್ಬರು ಡಾಕ್ಟರ್, ಒಬ್ಬರು ಟೈಮರ್. ಅಲ್ಲೇ ಕಂಡುಕೊಂಡದ್ದು, ನನ್ನ ‘ಏನೂ ಆಗಲ್ಲ’ ನನ್ನೊಬ್ಬಳದಲ್ಲ. ಸುಡಾನಿನವಳು ಪ್ರತಿ ಮಾತಿಗೆ ‘ಇನ್ಶಾ ಅಲ್ಲಾ’ ಅನ್ನುತ್ತಿದ್ದಳು. ಲಾಹೋರಿನವರು ‘ಅಲ್ಲಾ ಬೆಹತರ್ ಕರೇಗಾ’. ಲಾಗೋಸಿನವರು ‘ಇಟ್ ಈಸ್ ವೆಲ್’. ಎಲ್ಲರ ಊರಿನಲ್ಲೂ ಚೀಟಿಯ ಜೊತೆ ಕೊಡುವ ಒಂದು ಮಾತಿತ್ತು. ಎಲ್ಲರೂ ಅದನ್ನು ನುಂಗಲು ಕಲಿಯುತ್ತಿದ್ದೆವು. ಗೊತ್ತಿಲ್ಲದ್ದನ್ನು ಗೊತ್ತು ಅನ್ನುವ ಹಾಗಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುವ ಹಾಗಿಲ್ಲ. ರೋಗಿಯ ಒಪ್ಪಿಗೆ ಇಲ್ಲದೆ ಮಗನಿಗೂ ಹೇಳುವ ಹಾಗಿಲ್ಲ. ಅಜ್ಜಿಯ ವಿಷಯದಲ್ಲಿ ನಾನು ಮಾಡಿದ್ದೆಲ್ಲ ತಿರುಗುಮುರುಗು.

ಪರೀಕ್ಷೆಯ ದಿನ ಇನ್ನೊಂದು ತೊಂದರೆ. ಅಲ್ಲಿ ರೋಗಿ ಮುಟ್ಟುವವರ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಬೇಕು. ವಾಚಿಲ್ಲ, ಬಳೆಯಿಲ್ಲ. ಅಮ್ಮ ಸಿಗಂದೂರಿಗೆ ಹೋಗಿ ತಂದು ಕಟ್ಟಿದ್ದ ದಾರ ನನ್ನ ಬಲಗೈಯಲ್ಲಿತ್ತು. ಬೆಳಿಗ್ಗೆ ಆರು ಗಂಟೆಗೆ ತರಕಾರಿ ಹೆಚ್ಚುವ ಚಾಕುವಿನಲ್ಲಿ ಕತ್ತರಿಸಿದೆ. ದಾರವನ್ನು ಪರ್ಸಿನಲ್ಲಿಟ್ಟುಕೊಂಡೆ. ಪರ್ಸನ್ನು ಲಾಕರಿನಲ್ಲಿ ಇಡಿಸಿದರು.

ಸ್ಟೇಷನ್‌ಗಳಲ್ಲಿ ಏನು ಬಂತು ಅಂತ ಹೊರಗೆ ಹೇಳುವಂತಿಲ್ಲ, ಹಾಗಾಗಿ ಹೇಳುವುದಿಲ್ಲ. ಇಷ್ಟು ಹೇಳಬಹುದು. ಅರ್ಧ ದಾಟುವವರೆಗೆ ಚೆನ್ನಾಗಿತ್ತು. ಆಮೇಲೊಂದು ಕೋಣೆಯಲ್ಲಿ ಎದುರಿಗಿದ್ದವರ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅವರು ನಟರು, ಅದು ಅವರ ಕೆಲಸ. ನನ್ನ ಬಾಯಿ ನನ್ನ ಕೈಮೀರಿ ಹೋಯಿತು. ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ ಅಂದುಬಿಟ್ಟೆ. ಅವರು ಕಣ್ಣೊರೆಸಿಕೊಂಡು ತಣ್ಣಗೆ ಕೇಳಿದರು, ಅದು ನಿಮಗೆ ಹೇಗೆ ಗೊತ್ತು ಅಂತ. ಆರನೇ ನಿಮಿಷಕ್ಕೆ ‘ಇನ್ನೆರಡು ನಿಮಿಷ’ ಅನ್ನುವ ದನಿ ಕೇಳಿಸಿತು. ಮುಂದಿನ ಮೂರು ಕೋಣೆಗಳಲ್ಲೂ ನಾನು ಆ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದೆ.

ಫೇಲು. ಒಟ್ಟು ಅಂಕ ದಾಟಿದ್ದೆ. ಇಂತಿಷ್ಟು ಸ್ಟೇಷನ್ ಪಾಸಾಗಬೇಕು ಅನ್ನುವ ಇನ್ನೊಂದು ಲೆಕ್ಕದಲ್ಲಿ ಒಂದು ಕಮ್ಮಿಯಾಗಿತ್ತು.

ಆ ಹೊತ್ತಿಗೆ ಊರಿಗೆ ವಾಪಸ್ ಬಂದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಆಗಿದ್ದೆ. ಮದುವೆ ಮನೆಯಲ್ಲಿ ಸಿಕ್ಕ ಸಂಬಂಧಿಕರೊಬ್ಬರು ಎಲ್ಲರೆದುರು ಅಪ್ಪನಿಗೆ ಹೇಳಿದರು: ‘ಇದ್ರಿಂದೆಲ್ಲ ಏನೂ ಆಗಲ್ಲ ಮಾರಾಯ. ಸುಮ್ನೆ ಒಂದು ಗಂಡು ನೋಡು.’ ನಾನು ಊಟದ ಎಲೆ ಮುಂದೆ ಕೂತು ನಕ್ಕುಬಿಟ್ಟೆ. ಅದೇ ಎರಡು ಪದ. ನಾನು ಹೇಳಿದಾಗ ಧೈರ್ಯ, ಅವರು ಹೇಳಿದಾಗ ಷರಾ. ಜಿಎಂಸಿ ನಾಲ್ಕು ಅವಕಾಶ ಕೊಡುತ್ತದೆ, ಅಪ್ಪನ ಅಡಿಕೆ ಇನ್ನೊಂದನ್ನು ಕೊಡಬಹುದು ಅಷ್ಟೇ.

ಈ ಸಲ ಕೋಚಿಂಗ್‌ಗೆ ದುಡ್ಡು ಹಾಕಲಿಲ್ಲ. ರಾತ್ರಿ ವಿಡಿಯೊದಲ್ಲಿ ಹಳೆಯ ರೂಂಮೇಟ್‌ಗಳು, ಹಗಲು ಅಮ್ಮ. ಅಮ್ಮ ರೋಗಿ, ಅಪ್ಪ ಟೈಮರ್. ಕನ್ನಡದಲ್ಲೇ ಮಾಡಿದೆ. ಕನ್ನಡದಲ್ಲಿ ನೆಟ್ಟಗೆ ಕೇಳಲು ಬಂದರೆ ಇಂಗ್ಲಿಷಿನಲ್ಲೂ ಬರುತ್ತದೆ ಅನ್ನಿಸಿತ್ತು. ಅಮ್ಮನಿಗೆ ಒಂದು ಚೀಟಿ ಕೊಡುತ್ತಿದ್ದೆ: ‘ನಿಮಗೆ ಎದೆನೋವು, ಎರಡು ಗಂಟೆಯಿಂದ.’ ಅಮ್ಮ ಶುರು ಮಾಡಿದರೆ, ‘ಎದೆನೋವು ಅಂದ್ರೆ ಏನ್ ಹೇಳ್ಲಿ ಡಾಕ್ಟ್ರೇ, ಮೊನ್ನೆ ಮಾವಿನಮಿಡಿ ಉಪ್ಪಿಗೆ ಹಾಕೋಕೆ ಅಂತ ಭರಣಿ ಎತ್ತಿದ್ನಾ...’ ಎಂಟು ನಿಮಿಷ ಮುಗಿದರೂ ಮಿಡಿ ಉಪ್ಪಿನಿಂದ ಮೇಲೆ ಬರುತ್ತಿರಲಿಲ್ಲ. ಅಪ್ಪ ತಟ್ಟೆ ಬಾರಿಸುತ್ತಿದ್ದರು.

ಅಮ್ಮನಿಂದ ಕಲಿತದ್ದು ಒಂದಿದೆ. ಇಂಗ್ಲಿಷಿನಲ್ಲಿ ದುಃಖ ಕೇಳಿದ ಕೂಡಲೇ ‘ಸಾರಿ’ ಅನ್ನಬೇಕು ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ನಾನು ಹದಿನಾರು ಕೋಣೆಯಲ್ಲೂ ಒಂದೇ ರಾಗದಲ್ಲಿ ಸಾರಿ ಹೇಳಿದ್ದೆ, ಬಸ್ಸಿನಲ್ಲಿ ಕಾಲು ತುಳಿದವರ ಹಾಗೆ. ಪಾತ್ರ ಅದಲುಬದಲಾಗಿ ನಾನು ರೋಗಿಯಾದಾಗ ಅಮ್ಮ ಸಾರಿ ಅನ್ನಲಿಲ್ಲ. ‘ಅಯ್ಯೋ’ ಅಂದರು, ಸುಮ್ಮನಾದರು, ನನ್ನನ್ನೇ ನೋಡಿದರು. ಆಮೇಲೆ ‘ಮನೇಲಿ ಯಾರಿದಾರೆ ನಿಂಗೆ?’ ಅಂತ ಕೇಳಿದರು. ನಾಲ್ಕಕ್ಕೆ ನಾಲ್ಕು ಕೊಡಬೇಕು.

ಇನ್ನೊಂದು ನಡೆಯಿತು. ಒಂದು ದಿನ ಅಮ್ಮನಿಗೆ ಕೊಟ್ಟ ಪಾತ್ರ ಸುಸ್ತು. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು. ಅಮ್ಮ ಹೇಳುತ್ತಾ ಹೋದರು. ಕೊಟ್ಟಿಗೆಯಿಂದ ಮನೆಗೆ ಬರುವ ಏರಿನಲ್ಲಿ ಎರಡು ಕಡೆ ನಿಲ್ಲುತ್ತೇನೆ, ಬಗ್ಗಿ ಎದ್ದರೆ ಕಣ್ಣು ಕತ್ತಲೆ, ತಿಂಗಳಿನದ್ದು ಹತ್ತು ದಿನ ಹೋಗುತ್ತದೆ. ನಾನು ಕಾಗದದಲ್ಲಿ ಬರೆದುಕೊಂಡೆ: ‘ಜಾಸ್ತಿ ಆ್ಯಕ್ಟಿಂಗ್.’ ಮುಗಿದ ಮೇಲೆ ಚೆನ್ನಾಗಿ ಮಾಡಿದೆ ಅಮ್ಮ ಅಂತ ಹೊಗಳಿದೆ. ಅಮ್ಮ ಎದ್ದು ಒಲೆ ಕಡೆ ಹೋದರು. ಚಿಂತೆ ಏನಾದರೂ ಇದೆಯಾ ಅಂತ ಕೇಳುವ ಪ್ರಶ್ನೆಯನ್ನು ಅವತ್ತು ಟೈಮ್ ಸಾಲದೆ ಬಿಟ್ಟಿದ್ದೆ. ರಾತ್ರಿ ಮಲಗಿದಾಗ ತಟ್ಟನೆ ಹೊಳೆಯಿತು, ಆ ಏರು ನಮ್ಮನೆಯದೇ. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.9.

‘ಮೊದಲೇ ಯಾಕೆ ಹೇಳ್ಲಿಲ್ಲ?’ ಅಂತ ರೇಗಿದೆ. ‘ನೀನು ಕೇಳ್ದಾಗ ಹೇಳ್ದೆನಲ್ಲ’ ಅಂದರು.

2024ರ ಮಾರ್ಚಿನಲ್ಲಿ ಮತ್ತೆ ಮ್ಯಾಂಚೆಸ್ಟರ್. ಮತ್ತೆ ವೀಸಾ, ಮತ್ತೆ ಮಳೆ. ಒಳಗೆ ನಟಿಯೊಬ್ಬರು ಇದು ಕ್ಯಾನ್ಸರಾ ಅನ್ನುವಂಥ ಪ್ರಶ್ನೆ ಕೇಳಿದಾಗ ನನಗೆ ಬಾಯಿಪಾಠ ನೆನಪಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಇರಬಹುದು, ಈಗಲೇ ಖಚಿತವಾಗಿ ಹೇಳಲಾರೆ, ಅದಕ್ಕೇ ಬೇಗ ಪರೀಕ್ಷೆ ಮಾಡಿಸೋಣ ಅಂತಿದ್ದೇನೆ ಅಂದೆ. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಗಂಟೆ ಹೊಡೆದಾಗ ಇನ್ನೂ ಮಾತು ಬಾಕಿ ಇತ್ತು. ಪಾಸಾದೆ.

ನೋಂದಣಿಗೆ ಕರ್ನಾಟಕ ಮೆಡಿಕಲ್ ಕೌನ್ಸಿಲಿನಿಂದ ನನ್ನ ಮೇಲೆ ದೂರಿಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಪತ್ರ, ಇಂಟರ್ನ್‌ಶಿಪ್ ದಾಖಲೆ, ಎಪಿಕ್ ಎಲ್ಲ ಸೇರಿಸಿ ಅರ್ಜಿ ಹಾಕಿದೆ. ಫೋನಿನಲ್ಲೇ ಪಾಸ್‌ಪೋರ್ಟ್ ಮತ್ತು ಮುಖ ತೋರಿಸಿ ಗುರುತು ಖಾತ್ರಿಯಾಯಿತು. ಮೇ ತಿಂಗಳಲ್ಲಿ ಜಿಎಂಸಿ ನಂಬರ್ ಬಂತು. ಓಇಟಿಯ ಎರಡು ವರ್ಷದ ಅವಧಿ ಮುಗಿಯಲು ಇನ್ನು ನಾಲ್ಕೇ ತಿಂಗಳಿತ್ತು.

ಆಮೇಲಿನ ಎಂಟು ತಿಂಗಳ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಪ್ಲ್ಯಾಬ್ ಪಾಸಾದರೆ ಕೆಲಸ ಸಿಕ್ಕಿತು ಅನ್ನುವ ಕಾಲ ಮುಗಿದಿದೆ. ಒಂದೊಂದು ಹುದ್ದೆಗೆ ನೂರಾರು ಅರ್ಜಿ. ಕೆಲವು ಜಾಹೀರಾತು ಬೆಳಿಗ್ಗೆ ಬಂದು ಸಂಜೆಗೆ ಮುಚ್ಚಿರುತ್ತಿತ್ತು. ನಾನು 163 ಅರ್ಜಿ ಹಾಕಿದೆ. ‘ಎನ್‌ಎಚ್‌ಎಸ್ ಅನುಭವ ಇಲ್ಲ’ ಅನ್ನುವುದೇ ಹೆಚ್ಚಿನ ಉತ್ತರ. ಎನ್‌ಎಚ್‌ಎಸ್ ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಬಾವಿಗಿಳಿಯದೆ ಈಜು ಕಲಿತು ಬಾ ಅಂದ ಹಾಗೆ. ಸಾಲ ಮಾಡಿ ಹೊರಡುವ ತಮ್ಮಂದಿರಿಗೆ, ತಂಗಿಯರಿಗೆ ನಾನು ಈಗ ಹೇಳುವುದು: ಪರೀಕ್ಷೆಯ ಖರ್ಚಿನ ಜೊತೆ ಒಂದು ವರ್ಷ ಕೆಲಸವಿಲ್ಲದೆ ಇರುವ ಖರ್ಚನ್ನೂ ಲೆಕ್ಕ ಹಾಕಿ. ಅದು ಆಗುವುದಿಲ್ಲ ಅಂದರೆ ಹೊರಡುವ ಮೊದಲು ಇನ್ನೊಮ್ಮೆ ಯೋಚಿಸಿ.

ಕೊನೆಗೆ ಉತ್ತರ ಇಂಗ್ಲೆಂಡಿನ ಒಂದು ಚಿಕ್ಕ ಊರಿನ ಆಸ್ಪತ್ರೆ ವಿಡಿಯೊದಲ್ಲಿ ಸಂದರ್ಶನ ಮಾಡಿ ಕರೆಯಿತು. ಬೆಂಗಳೂರಿನಲ್ಲಿ ಕ್ಷಯದ ಪರೀಕ್ಷೆ, ವೀಸಾ, ಎರಡು ಸೂಟ್‌ಕೇಸು. 2025ರ ಜನವರಿಯಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಶುರು. ಮೊದಲ ಎರಡು ವಾರ ಬೇರೆಯವರ ಹಿಂದೆ ಸುತ್ತುವುದೇ ಕೆಲಸ. ಕಂಪ್ಯೂಟರ್ ಪಾಸ್‌ವರ್ಡ್ ಏಳಿದ್ದವು, ಎಲ್ಲ ಬೇರೆ ಬೇರೆ.

ಒಬ್ಬಳೇ ನೋಡಿದ ಮೊದಲ ರೋಗಿ ಎಂಬತ್ತು ದಾಟಿದ ಅಜ್ಜಿ. ರಕ್ತ ಕಮ್ಮಿ, ತೂಕ ಇಳಿದಿತ್ತು. ಹೊಟ್ಟೆಯ ಸ್ಕ್ಯಾನ್ ಆಗಬೇಕಿತ್ತು, ಅವರು ಒಪ್ಪುತ್ತಿರಲಿಲ್ಲ, ಮನೆಗೆ ಹೋಗಬೇಕು ಅನ್ನುತ್ತಿದ್ದರು. ಹಿಂದಿನ ದಿನ ಇಬ್ಬರು ಬಂದು ಸ್ಕ್ಯಾನ್ ಯಾಕೆ ಬೇಕು ಅಂತ ವಿವರಿಸಿ ಹೋಗಿದ್ದರು. ನಾನು ಕುರ್ಚಿ ಎಳೆದು ಕೂತೆ. ನಿಮಗೆ ಯಾವುದರ ಬಗ್ಗೆ ಜಾಸ್ತಿ ಚಿಂತೆ ಅಂತ ಕೇಳಿದೆ. ಅವರು ಕಿಟಕಿ ಕಡೆ ನೋಡಿದರು. ನಾನು ಸುಮ್ಮನಿದ್ದೆ.

ಬೆಕ್ಕಂತೆ. ಮೂರು ದಿನದಿಂದ ಮನೆಯಲ್ಲಿ ಅದೊಂದೇ ಇದೆಯಂತೆ, ಪಕ್ಕದ ಮನೆಯವರ ಹತ್ತಿರ ಕೀಲಿ ಇದೆಯಂತೆ. ಆದರೆ ಅವರ ಫೋನ್ ನಂಬರ್ ಬರೆದ ಚೀಟಿ ಮನೆಯ ಫ್ರಿಜ್ ಮೇಲೆ ಅಂಟಿಸಿದೆಯಂತೆ. ವಾರ್ಡಿನ ನರ್ಸ್ ಒಬ್ಬರು ಆ ಬೀದಿಯವರೇ, ಊಟದ ಬಿಡುವಿನಲ್ಲಿ ಹೋಗಿ ನೋಡಿ ಬರುತ್ತೇನೆ ಅಂದರು. ನಾನು ಬೆಕ್ಕಿನ ಹೆಸರು ಕೇಳಿ ಬರೆದುಕೊಂಡೆ. ಸ್ಕ್ಯಾನಿಗೆ ಮೂರು ಗಂಟೆಯ ಸಮಯ ಸಿಕ್ಕಿತು.